ಹುಟ್ಟಿರುವ ಮಕ್ಕಳ ಪಾಡೇನು, ಮೇಷ್ಟ್ರೇ?

ಜಗಳೂರಿನ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಥಲಸ್ಸೀಮಿಯಾ ಮಕ್ಕಳಿಗೆ ರಕ್ತ ಕೊಡಿ ಅಂತ ಇನ್ನೆಷ್ಟು ವರ್ಷ ಬರೆಯುತ್ತೀರಿ? ಮದುವೆಗೆ ಮುಂಚೆ ಹುಡುಗ-ಹುಡುಗಿಯ ರಕ್ತಪರೀಕ್ಷೆ ಮಾಡಿಸಿದರೆ ಇಂಥ ಮಕ್ಕಳೇ ಹುಟ್ಟುವುದಿಲ್ಲ.’

ಥಲಸ್ಸೀಮಿಯಾ ಅಂದರೆ ಮೈಯಲ್ಲಿ ಬೇಕಾದಷ್ಟು ರಕ್ತ ತಯಾರಾಗದ, ಅಪ್ಪ-ಅಮ್ಮನಿಂದ ಬರುವ ಕಾಯಿಲೆ. ಪರೀಕ್ಷೆ ಬೇಕು, ಒಪ್ಪಿದೆ. ಇಬ್ಬರೂ ವಾಹಕರಾದರೆ, ಅಂದರೆ ತಮಗೆ ತೊಂದರೆಯಿಲ್ಲದೆ ಕಾಯಿಲೆಯ ಅಂಶ ಹೊತ್ತವರಾದರೆ, ಪ್ರತಿ ಬಸಿರಿಗೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25. ಜಾತಕದ ಜೊತೆ ಆ ರಿಪೋರ್ಟನ್ನೂ ಇಡಲಿ. ಆದರೆ ‘ಇಂಥ ಮಕ್ಕಳೇ’ ಅಂದಿರಲ್ಲ ಮೇಷ್ಟ್ರೇ, ನಮ್ಮ ಪತ್ರಿಕೆ ಅಂಥ ಮಕ್ಕಳ ಮನೆಗೂ ಹೋಗುತ್ತದೆ.

ಹೊನ್ನಾಳಿ ಕಡೆಯ ಒಬ್ಬಳನ್ನು ನಾನು ಬಲ್ಲೆ, ಎಂಟನೇ ಕ್ಲಾಸು. ಮೂರು ವಾರಕ್ಕೊಮ್ಮೆ ಅಮ್ಮನ ಜೊತೆ ಬೆಳಗಿನ ಬಸ್ಸಿಗೆ ರಕ್ತ ಏರಿಸಿಕೊಳ್ಳಲು ದಾವಣಗೆರೆಗೆ ಬರುತ್ತಾಳೆ. ಸೂಜಿಯನ್ನು ಎಡಗೈಗೇ ಹಾಕಿಸಿಕೊಳ್ಳುತ್ತಾಳೆ, ಬಲಗೈಯಲ್ಲಿ ನೋಟ್ಸ್ ಬರೆಯಬೇಕಲ್ಲ! ಏರಿಸುವ ಒಂದೊಂದು ಚೀಲದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣವೂ ಮೈಸೇರುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಬಿಟ್ಟರೆ ಹೃದಯ, ಯಕೃತ್ತಿನಲ್ಲಿ ಕೂರುತ್ತದೆ. ಅದಕ್ಕೇ ದಿನಾ ಖಾಲಿ ಹೊಟ್ಟೆಗೆ ಕಬ್ಬಿಣ ಹೊರಹಾಕುವ ಮಾತ್ರೆ ಕದಡಿ ಕುಡಿಯಬೇಕು. ಮನೆಗೆ ಬಂದ ನೆಂಟರೋ, ‘ಕಬ್ಬಿಣದ ಟಾನಿಕ್ ಕುಡಿಸಿ, ರಕ್ತ ಆಗುತ್ತೆ’ ಅನ್ನುತ್ತಾರೆ! ರಕ್ತ ಏರಿಸುವ ಮುಂಚೆಯೂ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗಿಳಿಯದಂತೆ, ಕಬ್ಬಿಣ ಏರದಂತೆ ನೋಡಿಕೊಂಡರೆ ಈ ಮಕ್ಕಳು ಓದಿ, ಕೆಲಸ ಹಿಡಿದು, ಸಂಸಾರವನ್ನೂ ಮಾಡುತ್ತಾರೆ.

ಕಳೆದ ಮೇ ತಿಂಗಳಲ್ಲಿ ಅವಳಮ್ಮನಿಗೆ ಒಂದು ಕಡೆ ‘ಸ್ಟಾಕ್ ಇಲ್ಲ, ನಿಮ್ಮ ಕಡೆಯವರನ್ನು ಕರ್ಕೊಂಡ್ಬನ್ನಿ’ ಅಂದರಂತೆ. ಒಮ್ಮೆ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ವರ್ಷವಿಡೀ ಹೊಸ ನೆಂಟರನ್ನು ಎಲ್ಲಿಂದ ಹೊಂದಿಸುವುದು? ದಾವಣಗೆರೆ ಕಾಲೇಜುಗಳ ಊರು. ಬೇಸಿಗೆ ರಜಕ್ಕೆ ಹುಡುಗರು ಊರಿಗೆ ಹೊರಟರೆ ರಕ್ತನಿಧಿಯ ಫ್ರಿಜ್ಜೂ ಬರಿದಾಗುತ್ತದೆ. ನಮ್ಮ ಲೀಡರುಗಳಿಗೆ ಮಾತ್ರ ಹುಟ್ಟುಹಬ್ಬದ ದಿನವೇ ಶಿಬಿರ ಆಗಬೇಕು. ಸರ್ಕಲ್ಲಿನ ತುಂಬ ಫ್ಲೆಕ್ಸು, ಮಲಗಿದ ಹುಡುಗನ ಪಕ್ಕ ಹಾರ ಹಾಕಿಕೊಂಡು ಫೋಟೋ. ಕೆಂಪುಕಣ ಹೆಚ್ಚೆಂದರೆ 42 ದಿನ ಕೆಡದೆ ಉಳಿಯುತ್ತದೆ ಅಂತ ಅವರಿಗೆ ಹೇಳುವವರು ಯಾರು?

ಕಚೇರಿಗಳ ಕಥೆ ಬೇರೆಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ ಹೆಸರಿದೆ. ಆದರೂ ಪ್ರಮಾಣಪತ್ರ ಕೇಳಲು ಹೋದ ಆ ತಾಯಿಗೆ ಗುಮಾಸ್ತರೊಬ್ಬರು ‘ಕೈಕಾಲು ನೆಟ್ಟಗೈತಲ್ಲಮ್ಮ’ ಅಂದರು. ಇತ್ತ ಶಾಲೆಯಿಂದ ಹಾಜರಾತಿ ಕಮ್ಮಿ ಅಂತ ನೋಟಿಸು. ಅದನ್ನು ಬರೆಯುವವರು ನಿಮ್ಮ ಸಹೋದ್ಯೋಗಿಗಳೇ ಮೇಷ್ಟ್ರೇ, ಸ್ವಲ್ಪ ಹೇಳಿ ನೋಡಿ.

ಪತ್ರದಲ್ಲಿ ವಯಸ್ಸು 46 ಅಂತ ಕಾಣಿಸಿದ್ದೀರಿ. 65ರ ತನಕ ರಕ್ತ ಕೊಡಬಹುದು. ಕೊನೆಯ ಸಲ ಯಾವಾಗ ಕೊಟ್ಟಿರಿ ಅನ್ನುವುದನ್ನೂ ಮುಂದಿನ ಪತ್ರದಲ್ಲಿ ಬರೆಯಿರಿ, ಹಾಕುತ್ತೇವೆ.

– ಸಂಪಾದಕ