ಅವಳು ಬಿಟ್ಟು ಹೋದದ್ದು ತನ್ನದೇ ‘ಸಾರಿ’

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಹಾಸನದ ಕಡೆಯವರು, 13 ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಈಗ ಟೆಂತ್ ಗ್ರೇಡ್ ಮುಗಿಸಿದಳು. ಸ್ಕೂಲಿನ ಆರ್ಕೆಸ್ಟ್ರಾದಲ್ಲಿ ವಿಯೋಲಾ ಅನ್ನೋ ಪಿಟೀಲಿನಂಥ ವಾದ್ಯ ನುಡಿಸುತ್ತಾಳೆ. ಅವಳ ಜೊತೆ, ಸ್ವರದ ಹಾಳೆ ಇಡುವ ಒಂದೇ ಸ್ಟ್ಯಾಂಡಿನ ಮುಂದೆ ಕೂರುತ್ತಿದ್ದ ಹುಡುಗಿ ಟ್ವೆಲ್ತ್ ಗ್ರೇಡ್ ಮುಗಿಸಿ ಕಾಲೇಜಿಗೆ ಹೊರಟಿದ್ದಾಳೆ. ಅವಳ ಅಮ್ಮ ನನಗೆ ಕನ್ನಡ ಕೂಟದ ಗೆಳತಿ, ಹಬ್ಬ ಹರಿದಿನಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿ ಬರುವವರು.

ಎರಡು ವಾರದ ಹಿಂದೆ ಆರ್ಕೆಸ್ಟ್ರಾದವರ ವರ್ಷದ ಕೊನೆಯ ಊಟ ಇತ್ತು. ಇಲ್ಲಿ ‘ಸೀನಿಯರ್ ವಿಲ್’ ಅಂತ ಒಂದು ಪದ್ಧತಿ. ಸ್ಕೂಲು ಬಿಟ್ಟು ಹೋಗುವವರು ತಮ್ಮ ಗುಣ, ಚಟ, ಕೂರುವ ಜಾಗ ಎಲ್ಲವನ್ನೂ ಕಿರಿಯರ ಹೆಸರಿಗೆ ಉಯಿಲು ಬರೆದ ಹಾಗೆ ತಮಾಷೆಯಾಗಿ ಬರೆದು ಓದುತ್ತಾರೆ. ಒಬ್ಬ ಹುಡುಗ ತಡವಾಗಿ ಬರುವ ತನ್ನ ಚಟವನ್ನು ಇನ್ನೊಬ್ಬನಿಗೆ ಬಿಟ್ಟ. ಆ ಇನ್ನೊಬ್ಬನ ಅಮ್ಮನೂ ನಕ್ಕರು. ಆಮೇಲೆ ಈ ಹುಡುಗಿ ಎದ್ದು ಓದಿದಳು: “ಸ್ಟ್ಯಾಂಡಿಗೆ, ಕುರ್ಚಿಗೆ, ಬಾಗಿಲಿಗೆ ಸಾರಿ ಹೇಳುವ ನನ್ನ ಅಭ್ಯಾಸವನ್ನು ನನ್ನ ಸ್ಟ್ಯಾಂಡ್ ಪಾರ್ಟ್ನರ್‌ಗೆ ಬಿಟ್ಟು ಹೋಗುತ್ತೇನೆ. ಇದನ್ನು ಖರ್ಚು ಮಾಡಿ ಮುಗಿಸೋಕೆ ನನಗೆ ನಾಲ್ಕು ವರ್ಷ ಹಿಡೀತು. ಅವಳಿಗೆ ಅಷ್ಟು ದಿನ ಬೇಡ.” ಇಡೀ ಹಾಲ್ ನಕ್ಕಿತು. ಜೊತೆಗೆ ಮಗಳ ಕೈಗೆ ಒಂದು ಅರ್ಧ ಸವೆದ ರೋಸಿನ್ (ಕಮಾನಿಗೆ ಉಜ್ಜುವ ರಾಳ) ಡಬ್ಬಿ ಬೇರೆ. ಅದರ ಮುಚ್ಚಳದ ಒಳಗೆ ಯಾರ್ಯಾರದೋ ನಾಲ್ಕು ಹೆಸರು ಗೀಚಿದೆ.

ನನಗೆ ಮೈಯೆಲ್ಲ ಉರಿದು ಹೋಯಿತು. ಇನ್ನೊಬ್ಬರಿಗೆ ನೋವಾಗದ ಹಾಗೆ, ತಗ್ಗಿ ಬಗ್ಗಿ ನಡೆಯಬೇಕು ಅಂತ ಅವಳಿಗೆ ಕಲಿಸಿದ್ದೇ ನಾನು. ಅದನ್ನೇ ಅಷ್ಟು ಜನರ ಮುಂದೆ ನಗೆಪಾಟಲು ಮಾಡಿದರಲ್ಲ! ಮನೆಗೆ ಬಂದು “ಆ ಎಂಜಲು ಡಬ್ಬಿ ಬಿಸಾಕು” ಅಂದೆ. “ಇಟ್ಸ್ ಫೈನ್ ಅಮ್ಮ” ಅಂತ ರೂಮಿಗೆ ಹೋದಳು. ಬಿಸಾಕಲಿಲ್ಲ. ಆ ಹುಡುಗಿಯ ಅಮ್ಮ ಮೂರು ಸಲ ಮೆಸೇಜ್ ಮಾಡಿದ್ದಾರೆ. ನಾನು ಉತ್ತರ ಕೊಟ್ಟಿಲ್ಲ. ಬರುವ ಶನಿವಾರ ಅವರ ಮನೆಯಲ್ಲಿ ಗ್ರ್ಯಾಜುಯೇಷನ್ ಪಾರ್ಟಿ. ಆರ್ಕೆಸ್ಟ್ರಾ ಟೀಚರ್‌ಗೆ ದೂರು ಕೊಡಲೇ? ಪಾರ್ಟಿಗೆ ಹೋಗದೆ ಇದ್ದುಬಿಡಲೇ?
— ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ನಿಮ್ಮ ಪತ್ರ ಮುಗಿದ ಮೇಲೆ ಆ ಹುಡುಗಿ ಓದಿದ ಮಾತನ್ನು ನಾನು ಮತ್ತೆ ಮತ್ತೆ ಓದಿದೆ. ನೀವು ಅದನ್ನು ಅಕ್ಷರ ಬಿಡದೆ ಬರೆದಿದ್ದೀರಿ, ಎಷ್ಟು ನೋವಾಗಿದೆ ಅನ್ನೋದು ಅದರಲ್ಲೇ ಗೊತ್ತಾಗುತ್ತೆ. ಆದರೆ ಅದರಲ್ಲಿರುವ ಒಂದು ಸಣ್ಣ ಪದ ಕೋಪದಲ್ಲಿ ನಿಮ್ಮ ಕಣ್ಣು ತಪ್ಪಿಸಿಕೊಂಡಿದೆ ಅನ್ನಿಸುತ್ತೆ. ‘ನನ್ನ’ ಅಭ್ಯಾಸ ಅಂದಿದ್ದಾಳೆ ಅವಳು.

ನಮ್ಮ ಅಜ್ಜಂದಿರು ಬರೆಸುತ್ತಿದ್ದ ಉಯಿಲು ನೀವೂ ನೋಡಿರುತ್ತೀರಿ. ‘ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ’ ಅಂತ ಶುರುವಾಗಿ, ನನ್ನ ಸ್ವಯಾರ್ಜಿತವಾದ ಇಂಥ ಮನೆ, ಇಂಥ ಗದ್ದೆ ಅಂತ ಮುಂದುವರಿಯುತ್ತೆ. ಪಕ್ಕದ ಮನೆಯವರ ತೆಂಗಿನ ತೋಟವನ್ನು ಮೊಮ್ಮಗನಿಗೆ ಉಯಿಲು ಬರೆಯೋಕೆ ಆಗಲ್ಲ, ಅಲ್ವಾ? ತನ್ನದು ಅಂತ ಇದ್ದರೆ ಮಾತ್ರ ಬಿಟ್ಟು ಹೋಗಬಹುದು. ಮಕ್ಕಳ ಈ ಆಟವೂ ಅದೇ ಕಟ್ಟಿನ ಮೇಲೆ ನಿಂತಿದೆ. ತಡವಾಗಿ ಬರುವ ಚಟ ಬಿಟ್ಟು ಹೋದ ಹುಡುಗ ಮೊದಲು ‘ನಾನು ನಾಲ್ಕು ವರ್ಷ ತಡವಾಗಿ ಬಂದೆ’ ಅಂತ ಎಲ್ಲರೆದುರು ಒಪ್ಪಿಕೊಂಡ. ನಿಮ್ಮ ಗೆಳತಿಯ ಮಗಳೂ ಒಪ್ಪಿಕೊಂಡಳು. ಕುರ್ಚಿಗೆ ಸಾರಿ ಹೇಳುತ್ತಿದ್ದವಳು ಅವಳೇ.

ಇದು ಅಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 100 ವರ್ಷಕ್ಕೂ ಹಿಂದಿನ ಅಮೆರಿಕದ ಸ್ಕೂಲುಗಳ ವಾರ್ಷಿಕ ಪುಸ್ತಕ ತೆಗೆದರೆ ‘ತರಗತಿಯ ಚರಿತ್ರೆ’, ‘ತರಗತಿಯ ಭವಿಷ್ಯ’, ‘ತರಗತಿಯ ಉಯಿಲು’ ಅಂತ ಪುಟಗಳು ಸಿಗುತ್ತವೆ. ವಕೀಲರ ಭಾಷೆಯನ್ನೇ ಅನುಕರಣೆ ಮಾಡಿ ಬರೆದಿರುತ್ತಾರೆ. ಆಮೇಲೆ ಅದು ಸ್ಕೂಲಿನ ಪತ್ರಿಕೆಗೆ ಬಂತು, ಬ್ಯಾಂಡು, ಆರ್ಕೆಸ್ಟ್ರಾ, ನಾಟಕದ ತಂಡಗಳ ಊಟಕ್ಕೂ ಬಂತು. ಲಾಕರು, ಪಾರ್ಕಿಂಗ್ ಜಾಗ, ಕ್ಯಾಂಟೀನಿನ ಮೂಲೆಯ ಟೇಬಲ್ಲು, ಹರಿದ ಸ್ವೆಟರು, ಕೆಟ್ಟ ಕೈಬರಹ, ಜೋರು ನಗು, ಯಾವುದನ್ನು ಬೇಕಾದರೂ ಬರೆಯಬಹುದು. ನನ್ನ ತಂಗಿಯ ಇಬ್ಬರು ಮಕ್ಕಳೂ ಅಲ್ಲೇ ಓದಿದವರು. ದೊಡ್ಡವನಿಗೆ ಒಬ್ಬ ಸೀನಿಯರ್ ‘ಮೇಷ್ಟ್ರು ಕೇಳುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುವ ನನ್ನ ಬಾಯಿ’ಯನ್ನು ಬಿಟ್ಟು ಹೋಗಿದ್ದ. ಈಗ ಅವನಿಗೆ 30 ದಾಟಿದೆ, ಆ ಕಾಗದ ಇನ್ನೂ ಇಟ್ಟುಕೊಂಡಿದ್ದಾನೆ.

ನಿಮಗೆ ಇದು ಚುಚ್ಚಿದ್ದಕ್ಕೆ ಇನ್ನೊಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತೆ. ನೀವೂ ನಾನೂ ಕಂಡಿರುವುದು ನಮ್ಮ ಕಾಲೇಜುಗಳ ಸೆಂಡ್‌ಆಫ್. ಅಲ್ಲಿ ಟೈಟಲ್ ಕೊಡುತ್ತಾರೆ. ನಮ್ಮ ಡಿಗ್ರಿ ಕಾಲೇಜಿನಲ್ಲಿ ನನ್ನ ಗೆಳತಿಗೆ ‘ಮಿಸ್ ಲೌಡ್‌ಸ್ಪೀಕರ್’ ಅಂತ ಬರೆದ ಬಣ್ಣದ ಪಟ್ಟಿ ಹಾಕಿದರು. ಸ್ಟೇಜಿನ ಮೇಲೆ ನಕ್ಕಳು. ಹಾಸ್ಟೆಲ್ಲಿಗೆ ಬಂದು ಆ ಪಟ್ಟಿಯನ್ನು ಮಡಿಸಿ ಮಡಿಸಿ ಬೆರಳಷ್ಟು ಸಣ್ಣದು ಮಾಡಿ, ಟ್ರಂಕಿನ ತಳಕ್ಕೆ ಹಾಕಿ ಅತ್ತಳು. ಆಮೇಲೆ ತುಂಬಾ ದಿನ ಮೆಲ್ಲಗೇ ಮಾತಾಡುತ್ತಿದ್ದಳು. ಆ ಟೈಟಲ್ ಕೊಟ್ಟವರಲ್ಲಿ ಯಾರೂ ‘ನನ್ನದೂ ದೊಡ್ಡ ಗಂಟಲು’ ಅಂತ ಹೇಳಿರಲಿಲ್ಲ. ಅದು ಹೊರಗೆ ನಿಂತು ಅಂಟಿಸಿದ ಚೀಟಿ. ನಿಮ್ಮ ಮಗಳಿಗೆ ಸಿಕ್ಕಿದ್ದು ಪಕ್ಕದಲ್ಲಿ ಕೂತವಳ ಕೈಯಿಂದ.

ಆ ಪಕ್ಕ ಅನ್ನೋದು ಎಷ್ಟು ಹತ್ತಿರ ಅಂತ ಸ್ವಲ್ಪ ಯೋಚಿಸಿ. ಆರ್ಕೆಸ್ಟ್ರಾದಲ್ಲಿ ತಂತಿವಾದ್ಯದವರು ಒಂದು ಸ್ಟ್ಯಾಂಡಿಗೆ ಇಬ್ಬರ ಹಾಗೆ ಕೂರುತ್ತಾರೆ. ಸಭೆಯ ಕಡೆಗೆ ಕೂತವರು ನುಡಿಸುತ್ತಲೇ ಇರುತ್ತಾರೆ, ಒಳಗಿನವರು ಪುಟ ತಿರುಗಿಸಬೇಕು. ಆ ಕೆಲಸ ನಿಮ್ಮ ಮಗಳ ಪಾಲಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಕಮಾನು ಕೈಯಲ್ಲಿ ಹಿಡಿದೇ ಮುಂದೆ ಬಾಗಬೇಕು, ಎರಡು ಸ್ವರ ಬಿಟ್ಟು ಹೋಗುತ್ತವೆ, ಮೊಣಕೈ ತಗುಲುತ್ತೆ, ಸ್ಟ್ಯಾಂಡು ಅಲ್ಲಾಡುತ್ತೆ. ಪ್ರತಿ ಸಲ ಒಂದು ‘ಸಾರಿ’. ಅದನ್ನು ಇಡೀ ವರ್ಷ ಕೇಳಿಸಿಕೊಂಡವಳು ಆ ಹುಡುಗಿ ಒಬ್ಬಳೇ. ವಿಯೋಲಾ ಅನ್ನೋದು ನೋಡೋಕೆ ಪಿಟೀಲಿನ ಹಾಗೇ, ಸ್ವಲ್ಪ ದೊಡ್ಡದು, ದನಿ ತಗ್ಗು. ಮುಖ್ಯ ರಾಗ ಅದರ ಪಾಲಿಗೆ ಬರುವುದು ಕಡಿಮೆ, ಜಾಸ್ತಿ ಹೊತ್ತು ಮಧ್ಯದಲ್ಲಿ ಕೂತು ಉಳಿದವರನ್ನು ತುಂಬಿ ಕೊಡುವ ಕೆಲಸ. ಅಂಥ ಜಾಗದಲ್ಲಿ ಇಬ್ಬರು ಹುಡುಗಿಯರು ಒಂದೇ ಹಾಳೆ ನೋಡಿಕೊಂಡು ಒಂದು ವರ್ಷ ಕೂತಿದ್ದಾರೆ. ಚಿಕ್ಕವಳಲ್ಲಿ ದೊಡ್ಡವಳು ನೋಡಿದ್ದು ಒಂಬತ್ತನೇ ಗ್ರೇಡಿನ ತನ್ನನ್ನೇ ಅಂತ ನಾನು ನಂಬುತ್ತೇನೆ.

ನೀವು ಬರೆದ ಇನ್ನೊಂದು ಮಾತಿಗೆ ಬರುತ್ತೇನೆ, ನಿಜವಾದ ನೋವು ಅಲ್ಲೇ ಇರೋದು. ‘ಕಲಿಸಿದ್ದೇ ನಾನು.’ ಮಗಳ ಬಗ್ಗೆ ನಕ್ಕಾಗ ನಿಮ್ಮ ಸಂಸಾರವನ್ನೇ ನೋಡಿ ನಕ್ಕ ಹಾಗಾಯಿತು. ಆ ನೋವು ನನಗೆ ಅರ್ಥವಾಗುತ್ತೆ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳೋದು, ಪಕ್ಕದಲ್ಲಿ ಕೂತವರಿಗೆ ಪಾದ ಸೋಕಿದರೆ ತಕ್ಷಣ ಮುಟ್ಟಿ ನಮಸ್ಕಾರ ಮಾಡೋದು, ನಮ್ಮ ಮನೆಗಳಲ್ಲಿ ಮಾತು ಬರುವ ಮೊದಲೇ ಬರುವ ಪಾಠ. ಸ್ಟ್ಯಾಂಡಿಗೂ ಕುರ್ಚಿಗೂ ಸಾರಿ ಹೇಳುವ ಮಗು ಆ ಪಾಠವನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದೆಯೇನೋ. ಆ ಇನ್ನೊಬ್ಬ ಹುಡುಗಿಯೂ ಕನ್ನಡದ ಮನೆಯಲ್ಲೇ ಬೆಳೆದವಳು, ಅವಳಿಗೂ ಅದು ಅಲ್ಲಿಂದಲೇ ಬಂದಿರುತ್ತೆ. ಆ ಹಾಲ್‌ನಲ್ಲಿ ಕೂತವರಲ್ಲಿ ಈ ಸಾರಿಯ ಬೇರು ಎಲ್ಲಿದೆ ಅಂತ ಗೊತ್ತಿದ್ದದ್ದು ನಿಮ್ಮ ಎರಡು ಮನೆಗಳಿಗೆ ಮಾತ್ರ.

ಆದರೂ ಒಂದು ವ್ಯತ್ಯಾಸ ಹೇಳಲೇಬೇಕು. ಕಣ್ಣಿಗೊತ್ತಿಕೊಳ್ಳೋದು ಗೌರವ. ಯಾವ ತಪ್ಪೂ ಮಾಡದೆ ದಿನಕ್ಕೆ ಹತ್ತು ಸಲ ಸಾರಿ ಅನ್ನೋದು ಹೆದರಿಕೆ. ನಾನು ಇಲ್ಲಿ ಜಾಗ ಹಿಡಿದುಕೊಂಡಿದ್ದೇ ಜಾಸ್ತಿಯಾಯಿತೇನೋ ಅನ್ನೋ ಹೆದರಿಕೆ. 16 ವರ್ಷದ ಹುಡುಗಿಗೆ ಅದು ಬೇಡ. ‘ನನಗೆ ನಾಲ್ಕು ವರ್ಷ ಹಿಡೀತು, ಅವಳಿಗೆ ಅಷ್ಟು ದಿನ ಬೇಡ’ ಅಂತ ಆ ಹುಡುಗಿ ಹೇಳಿದ್ದು ಇದನ್ನೇ. ಅಕ್ಕ ತಂಗಿಗೆ ಹೇಳುವ ಮಾತು ಅದು. ನಿಮ್ಮ ಮಗಳಿಗೆ ಈ ಮಾತನ್ನು ನೀವು ಹೇಳಿದರೆ ಉಪದೇಶವಾಗುತ್ತೆ, ನಾನು ಹೇಳಿದರೂ ಅಷ್ಟೆ. ಅವಳ ಪಕ್ಕದಲ್ಲಿ ಕೂತವಳು ಹೇಳಿದರೆ ಕಿವಿಗೆ ಬೀಳುತ್ತೆ. ಉಯಿಲಿನಲ್ಲಿ ಬಂದದ್ದನ್ನು ಬೇಡ ಅನ್ನುವ ಹಕ್ಕು ಪಡೆಯುವವರಿಗೆ ಇದ್ದೇ ಇದೆ. ಮಗಳು ಆ ಅಭ್ಯಾಸವನ್ನು ಬಿಟ್ಟು ಡಬ್ಬಿಯನ್ನು ಮಾತ್ರ ಇಟ್ಟುಕೊಂಡರೆ ಕೊಟ್ಟವಳಿಗೆ ಅದಕ್ಕಿಂತ ಖುಷಿ ಇಲ್ಲ.

ಡಬ್ಬಿ ಅಂದಿರಲ್ಲ, ಅದನ್ನು ಎಂಜಲು ಅನ್ನಬೇಡಿ. ರೋಸಿನ್ ಹಚ್ಚದಿದ್ದರೆ ಕಮಾನು ತಂತಿಯ ಮೇಲೆ ಸುಮ್ನೆ ಜಾರುತ್ತೆ, ದನಿ ಹೊರಡಲ್ಲ. ಹೊಸ ರೋಸಿನ್ ಗಾಜಿನ ಹಾಗೆ ನುಣ್ಣಗಿರುತ್ತೆ, ಎಷ್ಟೋ ಸಲ ಅದನ್ನು ಮೊದಲು ಕೆರೆದು ಒರಟು ಮಾಡಿದ ಮೇಲೇ ಕಮಾನಿನ ಕೂದಲಿಗೆ ಹತ್ತೋದು. ಬಳಸಿ ಸವೆದದ್ದು ತಕ್ಷಣ ಹಿಡಿಯುತ್ತೆ. ಅದರ ಮುಚ್ಚಳದ ಒಳಗೆ ನಾಲ್ಕು ಹೆಸರು ಇದೆ ಅಂತ ನೀವೇ ಬರೆದಿದ್ದೀರಿ. ಗೀಚಿದೆ ಅಂದಿರಿ. ಒಂದು ಸಲ ಹತ್ತಿರದಿಂದ ನೋಡಿ. ಬೇರೆ ಬೇರೆ ಕೈಬರಹ, ಬೇರೆ ಬೇರೆ ಪೆನ್ನು ಇರುತ್ತೆ. ಕೊನೆಯದು ನಿಮ್ಮ ಗೆಳತಿಯ ಮಗಳದ್ದೇ ಇರಬೇಕು. ಹಾಗಿದ್ದರೆ ಅವಳಿಗೂ ಯಾರೋ ಒಬ್ಬಳು ಇದನ್ನು ಕೊಟ್ಟಿದ್ದಳು, ಏನೋ ಒಂದು ಮಾತು ಹೇಳಿ.

ಮಗಳು ಅದನ್ನು ಬಿಸಾಕಲಿಲ್ಲ. ನೀವು ಹೇಳಿದ ಮೇಲೂ ಬಿಸಾಕಲಿಲ್ಲ. ಎಲ್ಲದಕ್ಕೂ ಸಾರಿ ಹೇಳುವ ಹುಡುಗಿ ಅಮ್ಮನ ಮಾತು ಮೀರಿದ್ದಾಳೆ. ಅವಳಿಗೆ ಅದು ಎಷ್ಟು ಬೇಕಾಗಿತ್ತು ನೋಡಿ.

ಹಾಗಂತ ಈ ಆಟದಲ್ಲಿ ಯಾರಿಗೂ ನೋವೇ ಆಗಲ್ಲ ಅಂತ ನಾನು ಹೇಳಲ್ಲ. ತಮಾಷೆಯ ಹೆಸರಲ್ಲಿ ಸೇಡು ತೀರಿಸಿಕೊಳ್ಳುವವರು ಇರುತ್ತಾರೆ. ದೊಡ್ಡವರಿಗೆ ಅರ್ಥವಾಗದ ಸಂಕೇತದಲ್ಲಿ ಹೊಲಸು ಬರೆದು, ಅದು ಅಚ್ಚಾದ ಮೇಲೆ ಗೊತ್ತಾಗಿ, ಈ ಪದ್ಧತಿಯನ್ನೇ ನಿಲ್ಲಿಸಿದ ಸ್ಕೂಲುಗಳೂ ಅಲ್ಲಿ ಇವೆ. ನಿಮ್ಮ ಮಗಳ ಮೈಬಣ್ಣ, ದೇಹ, ಹೆಸರು, ಉಚ್ಚಾರಣೆ, ಡಬ್ಬಿಯ ಊಟದ ವಾಸನೆ, ಇಂಥದ್ದನ್ನು ಎತ್ತಿ ಆಡಿದ್ದರೆ, ಅಥವಾ ಕೊಡುವವಳು ತನ್ನಲ್ಲಿ ಇಲ್ಲದ್ದನ್ನು ಕೊಟ್ಟಿದ್ದರೆ, ಆ ರಾತ್ರಿಯೇ ಟೀಚರ್‌ಗೆ ಬರೆಯಿರಿ ಅನ್ನುತ್ತಿದ್ದೆ. ಇದು ಹಾಗಿಲ್ಲ. ದೂರು ಬೇಡ. ದೂರು ಕೊಟ್ಟರೆ ಎಲ್ಲರೆದುರು ತನ್ನ ಹೆದರಿಕೆಯನ್ನು ಒಪ್ಪಿಕೊಂಡ ಹುಡುಗಿಗೆ ಶಿಕ್ಷೆಯಾಗುತ್ತೆ, ನಿಮ್ಮ ಮಗಳು ಇನ್ನೂ ಎರಡು ವರ್ಷ ಅದೇ ಹಾಲ್‌ನಲ್ಲಿ ಕೂರಬೇಕು.

ಮಗಳ ಮನಸ್ಸಿನಲ್ಲಿ ಏನಿದೆ ಅನ್ನೋದು ಮಾತ್ರ ನೀವು ತಿಳಿದುಕೊಳ್ಳಬೇಕು. ‘ಇಟ್ಸ್ ಫೈನ್’ ಅನ್ನೋದು ಉತ್ತರ ಅಲ್ಲ, ನಿಮ್ಮ ಕೋಪ ನೋಡಿ ಹಾಕಿಕೊಂಡ ಚಿಲಕ. ‘ನಿನಗೆ ಬೇಜಾರಾಯ್ತಾ’ ಅಂತ ಕೇಳಬೇಡಿ, ಹೂಂ ಅಂದರೂ ಕಷ್ಟ ಉಹೂಂ ಅಂದರೂ ಕಷ್ಟ. ಕಾರಿನಲ್ಲಿ ಹೋಗುವಾಗ, ಇಬ್ಬರೂ ರಸ್ತೆ ನೋಡುತ್ತಾ ಇರುವಾಗ, ‘ಆ ಮುಚ್ಚಳದ ಒಳಗಿನ ಹೆಸರುಗಳು ಯಾರದ್ದು?’ ಅಂತ ಕೇಳಿ. ಆಮೇಲೆ ಸುಮ್ನಿರಿ. ಅವಳು ಹೇಳುತ್ತಾ ಹೋಗಲಿ. ನಡುವೆ ಎಲ್ಲಾದರೂ, ಅವತ್ತು ಎಲ್ಲರೂ ನಕ್ಕಾಗ ನಾಚಿಕೆಯಾಯ್ತು ಅಂತ ಬಂದರೆ ಅದನ್ನೂ ಕೇಳಿಸಿಕೊಳ್ಳಿ. ಪ್ರೀತಿಯ ಮಾತಾದರೂ ಅಷ್ಟು ಜನರ ಮುಂದೆ ಕೇಳೋಕೆ ಕಷ್ಟ ಇರಬಹುದು. ಹಾಗಿದ್ದರೆ ಅದನ್ನು ಆ ಹುಡುಗಿಗೆ ಹೇಳಬೇಕಾದವಳು ಮಗಳು. ‘ನೀನೇ ಅವಳಿಗೆ ಹೇಳು, ನಾನು ಜೊತೆಗಿದ್ದೇನೆ’ ಅನ್ನಿ. ಯಾರಿಗೂ ಸಾರಿ ಹೇಳದೆ ‘ನನಗೆ ಹೀಗನ್ನಿಸಿತು’ ಅಂತ ಅವಳು ಹೇಳೋದು ಅದೇ ಮೊದಲ ಸಲ ಆಗಬಹುದು.

‘ಬಿಸಾಕು’ ಅಂದದ್ದು ತಪ್ಪಾಯಿತು ಅಂತ ಮಗಳಿಗೆ ಒಂದು ಮಾತು ಹೇಳಿಬಿಡಿ. ಅವಳು ಅದಕ್ಕೆ ಕಾಯುತ್ತಿರುತ್ತಾಳೆ.

ಪಾರ್ಟಿಗೆ ಖಂಡಿತ ಹೋಗಿ. ಅದಕ್ಕೆ ಮೊದಲು, ಇವತ್ತೇ, ಆ ಮೂರು ಮೆಸೇಜಿಗೆ ಉತ್ತರ ಹಾಕಿ. ಉದ್ದ ವಿವರಣೆ ಬೇಡ. ‘ಮನಸ್ಸು ಸರಿ ಇರಲಿಲ್ಲ, ಶನಿವಾರ ಬರ್ತೀವಿ, ಬಂದು ಮಾತಾಡ್ತೀನಿ’ ಅಂದರೆ ಸಾಕು, ಗೆಳತಿಗೆ ಅರ್ಥವಾಗುತ್ತೆ. ಅವರ ಮಗಳು ಇನ್ನು ಎರಡು ತಿಂಗಳಲ್ಲಿ ಮನೆ ಬಿಟ್ಟು ಡಾರ್ಮಿಗೆ (ಕಾಲೇಜಿನ ಹಾಸ್ಟೆಲ್ಲಿಗೆ) ಹೊರಡುವವಳು, ಆ ತಾಯಿಯ ಹೊಟ್ಟೆಯಲ್ಲೂ ಈಗ ಏನೇನೋ ನಡೆಯುತ್ತಿರುತ್ತೆ. ಕಾರ್ಡಿನಲ್ಲಿ ದುಡ್ಡಿಟ್ಟು ಕೊಡೋದು ಹೇಗೂ ಇದೆ. ಜೊತೆಗೆ ಒಂದು ಡಬ್ಬ ಶೇಂಗಾ ಚಟ್ನಿಪುಡಿ ಮಾಡಿಕೊಂಡು ಹೋಗಿ, ಡಾರ್ಮಿನ ಊಟಕ್ಕೆ ಆಗುತ್ತೆ.

ಮಗಳು ಹೊರಡುವಾಗ ರೋಸಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡಳಾ ನೋಡಿ. ಹಾಕಿಕೊಂಡಿದ್ದರೆ ಏನೂ ಕೇಳದೆ ಒಂದು ಮಾರ್ಕರ್ ಪೆನ್ನು ಕೊಡಿ. ಮುಚ್ಚಳದ ಒಳಗೆ ಐದನೇ ಹೆಸರು ಇನ್ನೂ ಬರೆದಿಲ್ಲ, ಅಲ್ವಾ?