ನಲ್ಲಿ ನಿಲ್ಲಿಸಿದರೆ ಮಾತ್ರ ಕೇಳಿಸುವ ಹಾಡು

ಹಾಸನದ ಕಡೆಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದ 46 ವರ್ಷದ ಸಹೋದರಿಯೊಬ್ಬರ ಪತ್ರವನ್ನು ಈ ವಾರ ನಾಲ್ಕು ಸಲ ಓದಿದೆ. ಕೆ.ಜಿ.ಎಫ್.ನಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ನೆರೆಯಲ್ಲಿ ಬೆಳೆದ ಅವರ ಪತಿ, 21 ವರ್ಷಗಳ ದಾಂಪತ್ಯದಲ್ಲಿ ಒಮ್ಮೆಯೂ ಬಾಯಿಬಿಟ್ಟು ಪ್ರೀತಿಯ ಮಾತನ್ನಾಡಿದವರಲ್ಲ. ಆದರೆ ಪ್ರತಿ ರಾತ್ರಿ ಊಟವಾದ ಮೇಲೆ ಜಿಮ್ ರೀವ್ಸ್ ಹಾಡಿರುವ ‘ಹೀ ವಿಲ್ ಹ್ಯಾವ್ ಟು ಗೋ’ ಎಂಬ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಶೈಲಿಯ) ಗೀತೆಯನ್ನು ಟೇಪ್ ರೆಕಾರ್ಡರಿನಲ್ಲಿ ತಪ್ಪದೆ ಕೇಳುತ್ತಾರೆ. ಕಾನ್ವೆಂಟಿನಲ್ಲಿ ಓದಿದ ನಾದಿನಿ ಅದರ ಅರ್ಥ ಬಿಡಿಸಿ, ಬೇರೊಬ್ಬನ ಜೊತೆಗಿರುವ ಹೆಣ್ಣಿಗಾಗಿ ಹಂಬಲಿಸುವ ಹಾಡು ಅದು, ಅಣ್ಣನಿಗೆ ಪಕ್ಕದ ಮನೆಯ ಹಳೆಯ ಹುಡುಗಿಯ ನೆನಪು ಹೋಗಿಲ್ಲ ಎಂದರಂತೆ. ಅಂದಿನಿಂದ ಕ್ಯಾಸೆಟ್ಟು ಅಕ್ಕಿ ಡಬ್ಬಿಯ ಹಿಂದಿದೆ. ಪತಿ ಎಲ್ಲಿದೆ ಎಂದು ಕೇಳಿಯೂ ಇಲ್ಲ.

ಸಹೋದರಿ, ನಿಮ್ಮ ಪತ್ರದ ಮುಖ್ಯ ವಾಕ್ಯವನ್ನು ನೀವು ಆವರಣದೊಳಗೆ ಬರೆದಿದ್ದೀರಿ: ‘ಟೇಪನ್ನು ಅಡುಗೆಮನೆಯ ಕಟ್ಟೆಯ ಮೇಲೇ ಇಡುತ್ತಾರೆ, ನಾನು ಪಾತ್ರೆ ತೊಳೆಯುವಾಗ ನಲ್ಲಿ ನಿಲ್ಲಿಸಿದರೆ ಮಾತ್ರ ಕೇಳಿಸುತ್ತದೆ.’ ಹಳೆಯ ಹುಡುಗಿಯನ್ನು ನೆನೆಯಬೇಕಾದವರಿಗೆ ಮನೆಯಲ್ಲಿ ಮಹಡಿಯಿದೆ, ವರಾಂಡವಿದೆ. ಹೆಂಡತಿಯ ಮೊಣಕೈ ತಾಗುವಷ್ಟು ಹತ್ತಿರ ಬಂದು ಕೂರಬೇಕಾಗಿಲ್ಲ.

ನಾದಿನಿ ಹೇಳಿದ ಕತೆ ಅಕ್ಷರಶಃ ಸುಳ್ಳಲ್ಲ, ಅದೇ ನನಗೆ ಸಿಟ್ಟು ತರಿಸುವ ಸಂಗತಿ. ಹಾಡಿನ ಗಂಡಸು ದೂರದಿಂದ ಫೋನು ಮಾಡಿದ್ದಾನೆ, ಆಕೆಯ ಬಳಿ ಬೇರೊಬ್ಬನಿದ್ದಾನೆ. ಆದರೆ ಅವನು ಕೂಗಾಡುವುದಿಲ್ಲ. ಬಾಯನ್ನು ಫೋನಿಗೆ ಇನ್ನಷ್ಟು ಹತ್ತಿರ ತಾ ಎನ್ನುತ್ತಾನೆ, ತಾನಿರುವಲ್ಲಿನ ಹಾಡಿನ ಪೆಟ್ಟಿಗೆಯ ಸದ್ದನ್ನು ತಗ್ಗಿಸಲು ಹೇಳುತ್ತೇನೆ ಎನ್ನುತ್ತಾನೆ. ಇದನ್ನು ಬರೆದವರು ಜೋ ಮತ್ತು ಆಡ್ರಿ ಆಲಿಸನ್ ಎಂಬ ದಂಪತಿ. ಆಡ್ರಿಯ ದನಿ ಬಹಳ ಮೆಲುವಾದದ್ದರಿಂದ ಫೋನಿನಲ್ಲಿ ಹತ್ತಿರ ಬಂದು ಮಾತಾಡು ಎಂದು ಗಂಡ ಕೇಳಿಕೊಳ್ಳಬೇಕಾಗುತ್ತಿತ್ತು, ಹಾಡು ಹುಟ್ಟಿದ್ದು ಅಲ್ಲಿಂದ ಎನ್ನುತ್ತಾರೆ. ಮೊದಮೊದಲು ಗಟ್ಟಿ ಗಂಟಲಿನಲ್ಲಿ ಹಾಡುತ್ತಿದ್ದ ರೀವ್ಸ್ ಮುಂದೆ ಮೈಕಿಗೆ ತುಟಿ ತಾಗುವಷ್ಟು ಸಮೀಪ ನಿಂತು, ಮಂದ್ರದಲ್ಲಿ, ಒಬ್ಬರೇ ಕೇಳುತ್ತಿದ್ದಾರೆ ಎಂಬಂತೆ ಹಾಡತೊಡಗಿದರು. 1959ರಲ್ಲಿ ಧ್ವನಿಮುದ್ರಣವಾದ ಈ ಹಾಡು ಮರುವರ್ಷ ಅಮೆರಿಕದ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿ 14 ವಾರ ಇತ್ತು. 1964ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡ ಆ ಗಾಯಕನ ದನಿ ಇಂದಿಗೂ ನಿಮ್ಮ ಅಡುಗೆಮನೆಯವರೆಗೆ ಬರುತ್ತಿರುವುದಕ್ಕೆ ಆ ತಗ್ಗಿದ ಸ್ಥಾಯಿಯೇ ಕಾರಣವೆಂದು ನಾನು ನಂಬಿದ್ದೇನೆ. ದನಿ ಏರಿಸಿ ಪ್ರೀತಿ ಸಾರುವವರನ್ನು ನಾನು ಸುಲಭವಾಗಿ ನಂಬುವುದಿಲ್ಲ. ಈ ಅಂಕಣದಲ್ಲಿ ಹಿಂದೆಯೂ ಹಾಗೆ ಬರೆದು ಬೈಸಿಕೊಂಡಿದ್ದೇನೆ.

ಪಕ್ಕದ ಮನೆಯ ಹುಡುಗಿ ಇದ್ದಿರಬಹುದು. ಹದಿನೇಳರ ವಯಸ್ಸಿನಲ್ಲಿ ಯಾರಿಗೆ ಇರಲಿಲ್ಲ? ನಿಮ್ಮ ಯಜಮಾನರ ತಪ್ಪು ಬೇರೆ: 21 ವರ್ಷ ಪಕ್ಕದಲ್ಲಿ ಕೂತು ಹಾಡು ಕೇಳಿಸಿದವರು ಅದರ ಒಂದು ಸಾಲನ್ನಾದರೂ ನಿಮಗೆ ಕನ್ನಡದಲ್ಲಿ ಹೇಳಲಿಲ್ಲ. ಆ ಜಾಗಕ್ಕೆ ತಂಗಿ ಬಂದು ಕೂತರು. ಪ್ರೇಮಗೀತೆಯ ಅರ್ಥವನ್ನು ಮೂರನೆಯವರಿಂದ ಕೇಳಬಾರದು, ಅದರಲ್ಲೂ ನಾದಿನಿಯಿಂದ ಖಂಡಿತ ಕೇಳಬಾರದು.

ಇಂದು ರಾತ್ರಿ ಕ್ಯಾಸೆಟ್ಟನ್ನು ನೀವೇ ಟೇಪಿಗೆ ಹಾಕಿ, ನಲ್ಲಿ ನಿಲ್ಲಿಸಿ, ಮೊದಲ ಸಾಲಿನ ಅರ್ಥವೇನೆಂದು ಅವರನ್ನೇ ಕೇಳಿ. ನಾದಿನಿಯ ಫೋನು ಬಂದರೆ ಎತ್ತಬೇಡಿ.