ಮಗು ‘ಆಗಲ್ಲ’ ಅಂದರೆ ಏನರ್ಥ?

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಹಾರುವ ಕುದುರೆ ಕಥೆ ಅಂದರೆ ಪ್ರಾಣ. ಆದರೆ ‘ಯಾರೋ ಈರುಳ್ಳಿ ರಸ ಕುಡಿದರಂತೆ’ ಎಂದರೆ ‘ಸುಳ್ಳು, ಹಾಗೆಲ್ಲ ಆಗಲ್ಲ’ ಎನ್ನುತ್ತಾನೆ. ಇವನಿಗೆ ಕಲ್ಪನೆ ಕಡಿಮೆಯೇ? (ಓದುಗರು, ಹಾಸನ)

ಉತ್ತರ: ಕಡಿಮೆಯೇನಿಲ್ಲ, ಆ ವಯಸ್ಸೇ ಹಾಗೆ. ಮನೋವಿಜ್ಞಾನಿಗಳಾದ ಆಂಡ್ರ್ಯೂ ಶ್ಟುಲ್ಮನ್ ಮತ್ತು ಸೂಸನ್ ಕೇರಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೂ ದೊಡ್ಡವರಿಗೂ ಇಂಥವೇ ಪ್ರಶ್ನೆಗಳಿದ್ದವು. ಊಟಕ್ಕೆ ಮಿಂಚು ತಿನ್ನುವುದು ಸಾಧ್ಯವಿಲ್ಲ ಎಂಬುದರಲ್ಲಿ ತಕರಾರಿರಲಿಲ್ಲ. ಮಂಚದ ಕೆಳಗೆ ಮೊಸಳೆ ಸಿಗುವುದು? ದೊಡ್ಡವರು ‘ಅಪರೂಪ, ಆದರೆ ಆಗಬಹುದು’ ಎಂದರು. ನಾಲ್ಕರ ಮಕ್ಕಳು ಸಾಮಾನ್ಯವಾಗಿ ಅದನ್ನೂ ಮಿಂಚಿನ ಸಾಲಿಗೇ ಸೇರಿಸಿದರು.

ಮಗು ನೋಡುವುದು ‘ಇದು ಹೇಗಾದೀತು’ ಎಂಬ ಚಿತ್ರ ಮನಸ್ಸಿಗೆ ಬರುತ್ತದೋ ಇಲ್ಲವೋ ಎಂದು. ಬರದಿದ್ದರೆ ಕಥೆ ಮುಗಿಯಿತು, ಆಗಲ್ಲ. ದೊಡ್ಡವರು ಒಂದು ಹೆಜ್ಜೆ ಮುಂದೆ ಹೋಗಿ ಅಡ್ಡಿ ಏನಿದೆ ಎಂದು ಹುಡುಕುತ್ತಾರೆ. ಹಾರುವ ಕುದುರೆ ಕಥೆಯೊಳಗಿನದು, ಅದಕ್ಕೆ ಈ ಪರೀಕ್ಷೆಯೇ ಇಲ್ಲ.

ಹಾಗಾಗಿ ವಾದ ಬೇಡ, ದಾರಿ ತೋರಿಸಿ: ಈರುಳ್ಳಿ ತುರಿಯಿರಿ, ಬಟ್ಟೆಯಲ್ಲಿ ಹಿಂಡಿ, ಲೋಟಕ್ಕೆ ಬಿದ್ದ ರಸ ಮೂಸಿಸಿ, ಆಮೇಲೆ ಮತ್ತೆ ಕೇಳಿ. ಇನ್ನೊಂದು ತೊಡಕು ನಮ್ಮ ಭಾಷೆಯದ್ದೇ. ‘ಆಗಲ್ಲ’ ಎಂಬ ಒಂದೇ ಮಾತು ಅಸಾಧ್ಯಕ್ಕೂ ಸರಿ, ‘ನನಗೆ ಮನಸ್ಸಿಲ್ಲ’ಕ್ಕೂ ಸರಿ, ‘ಅಮ್ಮ ಬಿಡಲ್ಲ’ಕ್ಕೂ ಸರಿ. ‘ಆಗುತ್ತಾ?’ ಎನ್ನುವ ಬದಲು ‘ಇದಕ್ಕೆ ಮಂತ್ರ ಬೇಕಾ, ಮಂತ್ರ ಇಲ್ಲದೇನೂ ಮಾಡಬಹುದಾ?’ ಎಂದು ಕೇಳಿದರೆ ಉತ್ತರ ಸ್ಪಷ್ಟವಾಗುತ್ತದೆ.

ಪ್ರಶ್ನೆ: ‘ಹೀಗೂ ಆಗಬಹುದು, ಹಾಗೂ ಆಗಬಹುದು’ ಎಂಬುದು ಮಗುವಿಗೆ ತಿಳಿದಿದೆಯೇ ಎಂದು ಮನೆಯಲ್ಲೇ ನೋಡಬಹುದೇ? (ಅಂಗನವಾಡಿ ಶಿಕ್ಷಕಿ)

ಉತ್ತರ: ನೋಡಬಹುದು. ಮನೋವಿಜ್ಞಾನಿಗಳಾದ ರೆಡ್‌ಷಾ ಮತ್ತು ಸುಡೆನ್‌ಡಾರ್ಫ್ 2016ರಲ್ಲಿ ಇದಕ್ಕೆ ತಲೆಕೆಳಗಾದ ವೈ ಆಕಾರದ ಕೊಳವೆ ಬಳಸಿದರು. ಮೇಲಿಂದ ಬಿಟ್ಟದ್ದು ಎರಡು ಬಾಯಲ್ಲಿ ಯಾವುದರಿಂದ ಬರುತ್ತದೋ ಗೊತ್ತಿಲ್ಲ, ಮಗು ಹಿಡಿಯಬೇಕು. ಎರಡು ವರ್ಷದ ಮಕ್ಕಳು ಹೆಚ್ಚಾಗಿ ಒಂದೇ ಬಾಯಿಗೆ ಕೈ ಒಡ್ಡಿದರು, ನಾಲ್ಕು ವರ್ಷದವರಲ್ಲಿ ಹೆಚ್ಚಿನವರು ಎರಡಕ್ಕೂ.

ಹಾರ್ಡ್‌ವೇರ್ ಅಂಗಡಿಯ ವೈ ಜಾಯಿಂಟ್ ತರಬೇಡಿ. ಸಾಮಾನ್ಯವಾಗಿ ಅದರ ಒಂದು ಕಾಲು ನೇರ, ಇನ್ನೊಂದು ಓರೆ. ಚೆಂಡು ನೇರ ಕಾಲಿಗೇ ಇಳಿಯುತ್ತದೆ. ದಪ್ಪ ಚಾರ್ಟ್ ಪೇಪರ್ ಸುತ್ತಿ 5 ಸೆಂ.ಮೀ. ಅಗಲದ ಮೂರು ಕೊಳವೆ ಮಾಡಿ. ಮೇಲಿನದು 30 ಸೆಂ.ಮೀ., ಕಾಲುಗಳು ತಲಾ 20, ಎರಡೂ ಸಮನಾಗಿ ಓರೆ, ಬಾಯಿಗಳ ನಡುವೆ ಸುಮಾರು 15. ಚೆಂಡು 3 ಸೆಂ.ಮೀ.ಗಿಂತ ದೊಡ್ಡದಾದರೆ ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಮೊದಲು ನೀವೇ 20 ಸಲ ಬಿಟ್ಟು ನೋಡಿ. ಒಂದೇ ಕಡೆ 15 ಅಥವಾ ಹೆಚ್ಚು ಬಂದರೆ ಕಾಲು ತಿದ್ದಿ.

ಚೆಂಡು ಎರಡೂ ಕಡೆಯಿಂದ ಬರುವುದನ್ನು ಮಗುವಿಗೆ ತೋರಿಸಿ, ಕೈಯಲ್ಲಿರುವ ಆಟಿಕೆ ತೆಗೆದಿಡಿ. ‘ಎರಡೂ ಕೈ ಹಿಡಿ’ ಎಂದಿರೋ, ಅಲ್ಲಿಗೆ ಪರೀಕ್ಷೆ ಕೆಟ್ಟಿತು. ಮೊದಲ ಸರದಿಯನ್ನು ಬೇರೆಯಾಗಿ ಬರೆದಿಡಿ. ಆಮೇಲೆ ಎರಡು ಸಲ ಚೆಂಡು ತಪ್ಪಿದರೆ ಮಗು ಯೋಚಿಸದೆಯೂ ಎರಡನೇ ಕೈ ಚಾಚೀತು.

ಪ್ರಶ್ನೆ: ಚೌಕಾಬಾರದಲ್ಲಿ ನಮ್ಮಜ್ಜ ‘ಎಷ್ಟು ಹೊತ್ತಾಯ್ತು ಎಂಟು ಬಿದ್ದಿಲ್ಲ, ಈಗ ಬಿದ್ದೇ ಬೀಳುತ್ತೆ’ ಎನ್ನುತ್ತಾರೆ. ನಿಜವೇ? (ಪಿಯು ವಿದ್ಯಾರ್ಥಿ)

ಉತ್ತರ: ಇಲ್ಲ. ಕವಡೆಗೆ ಹಿಂದಿನ ಎಸೆತದ ನೆನಪಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ಕ್ಯಾಸಿನೊದಲ್ಲಿ ರೂಲೆಟ್ (ಕೆಂಪು-ಕಪ್ಪು ಮನೆಗಳ ಜೂಜಿನ ಚಕ್ರ) ಸತತ 26 ಸಲ ಕಪ್ಪಿಗೇ ನಿಂತಾಗ ‘ಇನ್ನು ಕೆಂಪೇ’ ಎಂದು ಹಣ ಸುರಿದವರ ಲೆಕ್ಕವೂ ಅಜ್ಜನದ್ದೇ.

ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುದಾದರೆ ನಾಲ್ಕೂ ಕವುಚಿ ಎಂಟು ಬೀಳುವುದು 16ಕ್ಕೆ 1. ನಾಲ್ಕೂ ಬಾಯಿ ಮೇಲಾಗಿ ನಾಲ್ಕು ಬೀಳುವುದೂ ಅಷ್ಟೇ. ಎರಡು ಬೀಳುವುದು 16ಕ್ಕೆ 6. ಆದರೆ ಕವಡೆ ನಾಣ್ಯವಲ್ಲ, ಅದರ ಬೆನ್ನು ಉಬ್ಬು. ಒಂದೊಂದನ್ನೂ 100 ಸಲ ಎಸೆದು ಎಣಿಸಿ. ಬಾಯಿ ಮೇಲಾಗುವುದು 40 ಸಲ ಮಾತ್ರ ಎಂದಾದರೆ, ಎಂಟು 100ಕ್ಕೆ ಸುಮಾರು 13 ಸಲ ಬೀಳಬೇಕು, ನಾಲ್ಕು 3 ಸಲಕ್ಕೂ ಕಡಿಮೆ. ಅಜ್ಜನ ಕವಡೆಗಳನ್ನೇ ಎಣಿಸಿ. ಬೇರೆ ಮನೆಯವುಗಳ ಲೆಕ್ಕ ಇಲ್ಲಿಗೆ ಬಾರದು.